ಗೇಟಿನಾಚೆಯ ಜಾಗ

ಬೆಂಗಳೂರಿನ ಬಡಾವಣೆಗಳಲ್ಲಿ ಗೇಟಿನ ಒಳಗಿನ ಜಾಗಕ್ಕೆ ಕ್ರಯಪತ್ರವಿದೆ, ಖಾತೆಯಿದೆ, ಬ್ಯಾಂಕಿನ ಸಾಲವೂ ಇದೆ. ಗೇಟಿನ ಹೊರಗಿನ ಜಾಗಕ್ಕೆ ಇರುವ ದಾಖಲೆ ಎಂದರೆ ಎರಡು ಹೂಕುಂಡ, ಪೇಂಟ್ ಡಬ್ಬಕ್ಕೆ ಸಿಮೆಂಟ್ ಸುರಿದು ನಿಲ್ಲಿಸಿದ ಒಂದು ಪೈಪು. ಆದರೂ ಜನ ದನಿ ಏರಿಸುವುದು ಕಾರು ನಿಲ್ಲಿಸುವ ಈ ಎರಡನೆಯ ಜಾಗಕ್ಕಾಗಿಯೇ.

ದನಿ ಏರಿಸುವ ಮೊದಲು ಒಂದು ಟೇಪು ಹಿಡಿದು ಅಳೆದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಥರ್ಟಿ ಫಾರ್ಟಿ ಸೈಟಿನ ಮುಂಭಾಗ 30 ಅಡಿ. ಗೇಟಿಗೆ 10 ಅಡಿ ಕಳೆಯಿರಿ. ತೆರಿಗೆಯ ಲೆಕ್ಕದಿಂದಾಗಿ ನಮ್ಮಲ್ಲಿ ಮಾರಾಟವಾಗುವ ಬಹಳಷ್ಟು ಕಾರುಗಳು ನಾಲ್ಕು ಮೀಟರಿನೊಳಗೆ, ಅಂದರೆ 13 ಅಡಿ. ಹಿಂದೆ ಮುಂದೆ ಆಡಿಸಿ ತೆಗೆಯಲು ಇನ್ನೊಂದು ಐದಡಿ ಬೇಕು. ಗೇಟು ಸೈಟಿನ ಒಂದು ಮೂಲೆಯಲ್ಲಿದ್ದರೆ ಒಂದು ಕಾರು ಆರಾಮಾಗಿ ನಿಲ್ಲುತ್ತದೆ. ಗೇಟು ನಟ್ಟನಡುವೆ ಇದ್ದರೆ ಆ ಕಡೆ ಹತ್ತು, ಈ ಕಡೆ ಹತ್ತು, ಒಂದು ಕಾರಿಗೂ ಸಾಲದು. ಪಕ್ಕದ ಮನೆಯವರ ಹತ್ತಡಿ ಸೇರಿದರಷ್ಟೇ ಒಂದು ಜಾಗ ಹುಟ್ಟುತ್ತದೆ. ಪಕ್ಕದವರೊಡನೆ ಮಾತು ಬಿಟ್ಟವರು ಒಂದು ಕಾರಿನ ಜಾಗವನ್ನೂ ಬಿಟ್ಟ ಹಾಗೆ.

ಇನ್ನು ಅಗಲ. 30 ಅಡಿ ರಸ್ತೆ ಎನ್ನುವುದು ಕಾಂಪೌಂಡಿನಿಂದ ಕಾಂಪೌಂಡಿಗೆ. ಚರಂಡಿ, ಚಪ್ಪಡಿ, ಲೈಟ್ ಕಂಬ, ಮನೆಮನೆಯವರು ಇಳಿಬಿಟ್ಟ ರ‍್ಯಾಂಪು ಎಲ್ಲ ಕಳೆದರೆ ಎಷ್ಟೋ ಕಡೆ ಉಳಿಯುವ ಡಾಂಬರು 18ರಿಂದ 20 ಅಡಿ. ಕನ್ನಡಿ ಸೇರಿ ಕಾರಿಗೆ ಆರಡಿ, ಅಂಚಿನಿಂದ ಒಂದಡಿ, ಒಟ್ಟು ಏಳು. ಎರಡೂ ಬದಿ ನಿಲ್ಲಿಸಿದರೆ ನಡುವೆ ಉಳಿಯುವುದು ಹೆಚ್ಚೆಂದರೆ ಆರಡಿ. ಅಗ್ನಿಶಾಮಕ ವಾಹನದ ಅಗಲವೇ ಸುಮಾರು ಎಂಟಡಿ. ಇಂಥ ರಸ್ತೆಯಲ್ಲಿ ಒಂದೇ ಬದಿ ನಿಲ್ಲಿಸಬೇಕು ಎನ್ನುವುದು ಯಾರ ಹಟವೂ ಅಲ್ಲ, ಬರೀ ಕಳೆಯುವ ಲೆಕ್ಕ. ನಿಂತ ವಾಹನದ ಎದುರಿಗೆ ಇನ್ನೊಂದನ್ನು ನಿಲ್ಲಿಸಬಾರದೆಂದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ಡ್ರೈವಿಂಗ್ ಸ್ಕೂಲಿನವರು ಹೆಚ್ಚಾಗಿ ಎಂಟು ಹಾಕಿಸಿ ಕಳಿಸಿಬಿಡುತ್ತಾರೆ, ಅಲ್ಲಿಯವರೆಗೆ ಪಾಠ ಬರುವುದಿಲ್ಲ.

ಎಲ್ಲರೂ ತಮ್ಮ ಗೇಟಿಗೆ ‘ವಾಹನ ನಿಲ್ಲಿಸಬೇಡಿ’ ಎಂಬ ಬೋರ್ಡು ತಗುಲಿಸುತ್ತಾರೆ. ‘ಗಾಳಿ ತೆಗೆಯಲಾಗುವುದು’ ಎಂಬ ಷರಾ ಬೇರೆ. ಆದರೆ ಕಾರು ಹೊರಬರದಂತೆ ಮಾಡುವುದು ಎಷ್ಟೋ ಸಲ ಬೋರ್ಡಿನ ಕೆಳಗೆ ನಿಂತದ್ದಲ್ಲ, ರಸ್ತೆಯ ಆಚೆ ಬದಿಯಲ್ಲಿ ನಿಂತದ್ದು. ಅದು ಏಳಡಿ ತಿಂದ ಮೇಲೆ 18 ಅಡಿಯಲ್ಲಿ 11 ಉಳಿಯಿತು. 13 ಅಡಿ ಉದ್ದದ ಕಾರು ಹಿಂದಕ್ಕೆ ಬಂದು ಅಷ್ಟರಲ್ಲಿ ತಿರುಗಬೇಕು. ಅದಕ್ಕೇ ಯಾವ ಬದಿ ನಿಲ್ಲಿಸುವುದೆಂದು ತೀರ್ಮಾನಿಸುವಾಗ ಎದುರುಗಡೆ ಗೇಟು ಕಡಿಮೆ ಇರುವ ಬದಿಯನ್ನೇ ಹಿಡಿಯುವುದು ಜಾಣತನ.

ಆಗ ಆ ಬದಿಯವರ ಗೊಣಗಾಟ ಶುರು: ‘ಯಾವಾಗಲೂ ನಮ್ಮ ಮನೆ ಮುಂದೆಯೇ ಯಾಕ್ರೀ?’ ಅಂಗಡಿ ಬೀದಿಗಳಲ್ಲಿರುವ ಸಮ-ಬೆಸ ತಾರೀಖಿನ ಪದ್ಧತಿ ಆಗ ಎಲ್ಲರಿಗೂ ನೆನಪಾಗುತ್ತದೆ. ಮನೆಗಳ ರಸ್ತೆಗೆ ಅದು ಒಗ್ಗದು. ತಾರೀಖು ಬದಲಾಗುವುದು ಮಧ್ಯರಾತ್ರಿ. ಎದ್ದು ಬಂದು ಕಾರು ಸರಿಸುವವರು ಯಾರು? ಮೇಲಾಗಿ 31 ಆದ ಮೇಲೆ 1 ಬರುತ್ತದೆ, ಎರಡೂ ಬೆಸ. ವರ್ಷಕ್ಕೆ ಏಳು ಸಲ ಒಂದೇ ಬದಿಯವರಿಗೆ ಎರಡು ದಿನ. ಫೆಬ್ರವರಿ 29 ಬಂದ ವರ್ಷ ಎಂಟನೆಯದು. ತಿಂಗಳ ಲೆಕ್ಕದಲ್ಲಿ ಬದಿ ಬದಲಿಸಿದರೆ ಈ ತಕರಾರಿಲ್ಲ, ಡಿಸೆಂಬರ್ 12, ಜನವರಿ 1, ಸಮ-ಬೆಸ ತಪ್ಪುವುದಿಲ್ಲ. ಖಾಲಿಯಿರುವ ಬದಿಯನ್ನು ಪೌರಕಾರ್ಮಿಕರು ಆ ತಿಂಗಳು ಕಸವುಳಿಯದಂತೆ ಗುಡಿಸಬಹುದು.

ಬೀದಿಯಲ್ಲಿ ನಿಲ್ಲುವ ಕಾರುಗಳ ಎಣಿಕೆ ಮಾಡುವುದು ರಾತ್ರಿ ಹನ್ನೊಂದರ ಮೇಲೆ, ಅದೂ ವಾರದ ನಡುವಿನ ದಿನ. ಹಗಲಿನ ಲೆಕ್ಕ ನಂಬಿದರೆ ಜಾಗ ಮಿಕ್ಕಂತೆ ಕಾಣುತ್ತದೆ. ನಿಲ್ಲಿಸುವ ಒಂದೊಂದು ಜಾಗಕ್ಕೂ 18 ಅಡಿಗೆ ಒಂದು ಬಿಳಿ ಗೆರೆ ಎಳೆಯಿರಿ. ಗೆರೆಯಿಲ್ಲದಿದ್ದರೆ ಮೂರು ಕಾರಿನ ಜಾಗದಲ್ಲಿ ಇಬ್ಬರೇ ಕಾಲು ಚಾಚಿರುತ್ತಾರೆ. ಕ್ರಾಸಿನ ತಿರುವಿನಲ್ಲಿ ಹದಿನೈದು ಅಡಿಯಾದರೂ ಬಿಡಿ, ಕಸದ ಆಟೊ, ನೀರಿನ ಟ್ಯಾಂಕರ್ ತಿರುಗಬೇಕು. ಬೇರೆ ಕಾರಿಗೆ ಅಡ್ಡ ನಿಲ್ಲಿಸಲೇಬೇಕಾದರೆ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು ಹೋಗುವ ಹಳೆಯ ಸೌಜನ್ಯವೊಂದಿದೆ. ಸಮತಟ್ಟಿನಲ್ಲಿ ಸರಿ, ಇಳಿಜಾರಿನಲ್ಲಿ ಅಪಾಯ. ಆಟೊಮ್ಯಾಟಿಕ್ ಕಾರು ‘ಪಿ’ಯಲ್ಲಿ ನಿಂತರೆ ನಾಲ್ಕು ಜನ ನೂಕಿದರೂ ಜಗ್ಗದು. ಗಾಜಿನ ಹಿಂದೆ ಫೋನ್ ನಂಬರ್ ಬರೆದಿಡುವುದೇ ವಾಸಿ.

2021ರಲ್ಲಿ ಸರ್ಕಾರ ಒಪ್ಪಿದ ಬೆಂಗಳೂರಿನ ಪಾರ್ಕಿಂಗ್ ನೀತಿ 2.0 ನಿವಾಸಿಗಳಿಗೆ ವಾರ್ಷಿಕ ಪರವಾನಗಿಯ ಯೋಚನೆ ಮುಂದಿಟ್ಟಿತು: ಸಣ್ಣ ಕಾರಿಗೆ 1,000 ರೂಪಾಯಿ, ದೊಡ್ಡದಕ್ಕೆ 5,000. ದುಬಾರಿ ಎಂದು ಗದ್ದಲವೆದ್ದಿತು. ದೊಡ್ಡ ಕಾರಿನ ಲೆಕ್ಕದಲ್ಲೂ ದಿನಕ್ಕೆ ಹದಿಮೂರು ರೂಪಾಯಿ ಚಿಲ್ಲರೆ. ನೆಲಮಹಡಿಯಲ್ಲಿ ಕಾರಿಗೆಂದು ನಕ್ಷೆಯಲ್ಲಿ ತೋರಿಸಿದ ಜಾಗವನ್ನು ಬಾಡಿಗೆಗೆ ಕೊಟ್ಟು ಕಾರನ್ನು ಬೀದಿಗಿಳಿಸಿದವರೂ ಗದ್ದಲದಲ್ಲಿದ್ದರೆ ಆಶ್ಚರ್ಯವೇನಿಲ್ಲ.

ಜಾಗ ಎಣಿಸುವಾಗ ತೆಂಗಿನ ಮರದ ಕೆಳಗಿನದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಕಾಯಿ ಬೀಳಬೇಕೆಂದಿಲ್ಲ, ಒಣಗಿದ ಗರಿಯ ಬುಡ ಬಡಿದರೂ ಮುಂದಿನ ಗಾಜಿಗೆ ಕೇಡು. ಬೀದಿಯವರಿಗೆಲ್ಲ ಇದು ಗೊತ್ತು. ಅದಕ್ಕೆ ಅಲ್ಲಿ ಕುಂಡವಿಲ್ಲ, ಬೋರ್ಡಿಲ್ಲ, ಜಗಳವೂ ಇಲ್ಲ. ನಿಂತಿದ್ದರೆ ಅದು ಯಾರದೋ ಮನೆಗೆ ಬಂದ ನೆಂಟರ ಕಾರು.