ಹಳೆಯ ಓಮ್ನಿಯ ಸೀಟು, ಚಕ್ರ ಬದಲಿಸಿದರೆ ತಪ್ಪೇ?

1984ರಲ್ಲಿ ‘ಮಾರುತಿ ವ್ಯಾನ್’ ಆಗಿ ರಸ್ತೆಗಿಳಿದು, ಮುಂದೆ ಓಮ್ನಿ ಎಂದು ಹೆಸರಾದ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಓಡಾಟ ನಿಂತಿಲ್ಲ. ಅದೇ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ಬಿಗಿಯಾಗಿ ಎತ್ತಿಹಿಡಿಯಿತು: ತಯಾರಕರು ಮೊದಲು ಕೊಟ್ಟ ವಿವರಕ್ಕೆ ಹೊಂದದಂತೆ ಮಾಲೀಕ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ವರ್ಷ ಮುಗಿಯುವುದರೊಳಗೆ ಕಾಯ್ದೆಗೆ ತಿದ್ದುಪಡಿಯೂ ಬಂತು. ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಹಳೆಯ ವ್ಯಾನುಗಳ ಮಟ್ಟಿಗಾದರೂ ಈ ಬಿಗಿ ಸಡಿಲವಾಗಬೇಕೇ?

ಪರ: ದಾರಿಯನ್ನಾದರೂ ತೋರಿಸಿ

ನನ್ನ ಓಮ್ನಿ 2003ರದ್ದು, ಎಂಟು ಸೀಟಿನದು. 2018ರಲ್ಲಿ ಹದಿನೈದು ವರ್ಷ ತುಂಬಿದಾಗ ಎಫ್‌ಸಿ (ಯೋಗ್ಯತಾ ಪತ್ರ) ಮಾಡಿಸಿದೆ, 2023ರಲ್ಲಿ ಮತ್ತೊಮ್ಮೆ. ಅಷ್ಟರಲ್ಲಿ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಗೊಣಗದೆ ಕಟ್ಟಿದೆ ಎಂದರೆ ಸುಳ್ಳಾದೀತು, ಆದರೆ ಕಟ್ಟಿದೆ. ಗಾಡಿ ಓಡಿಸಲು ಯೋಗ್ಯ ಎಂದು ಸರ್ಕಾರವೇ ಐದು ವರ್ಷಕ್ಕೆ ಬರೆದುಕೊಟ್ಟಿದೆ. ಹಾಗಿದ್ದ ಮೇಲೆ ಅದನ್ನು ಮನೆಯವರು ಕುಳಿತುಕೊಳ್ಳಲು ಯೋಗ್ಯವಾಗಿಸಿಕೊಳ್ಳುವುದಕ್ಕೆ ಏಕೆ ತಡೆ?

ಅಮ್ಮನಿಗೆ ಎಪ್ಪತ್ತೆಂಟು. ಮಂಡಿ ಪೂರ್ತಿ ಮಡಚುವುದಿಲ್ಲ. ಓಮ್ನಿಯ ಪಕ್ಕದ ಜಾರುಬಾಗಿಲು ಅವರಿಗೆ ವರ. ಒಳಗೆ ಕಾಲಿಟ್ಟ ಮೇಲೆ ಆ ಕಾಲನ್ನು ಚಾಚಲು ಜಾಗವಿಲ್ಲ. ನಡುವಿನ ಉದ್ದ ಸೀಟನ್ನು ತೆಗೆದು, ಒರಗಲು ಬರುವ ಒಂಟಿ ಸೀಟು ಹಾಕಿಸಬೇಕೆಂದಿದ್ದೆ. ಎಂಟು ಜನರ ಗಾಡಿ ಆರು ಜನರದ್ದಾಗುತ್ತದೆ, ಭಾರ ಕಡಿಮೆಯಾಗುತ್ತದೆ. ಕೇಳಿಯೇ ಮಾಡೋಣ ಎಂದು ಆರ್‌ಟಿಒ ಕಚೇರಿಗೆ ಹೋದೆ. ಬ್ರೇಕ್ ಇನ್ಸ್‌ಪೆಕ್ಟರ್ ಸಭ್ಯರು. “ಕಂಪನಿಯಿಂದ ಕಾಗದ ತನ್ನಿ ಯಜಮಾನರೇ” ಎಂದರು. ನಿಂತುಹೋದ ಗಾಡಿಗೆ ಕಾಗದ ಕೊಡುವವರು ಯಾರು? ಷೋರೂಮಿನ ಹುಡುಗ ನಕ್ಕು, ಹೊಸ ಗಾಡಿಯ ಬೆಲೆಪಟ್ಟಿ ಕೈಗಿಟ್ಟ.

ಅಂಗವಿಕಲರಿಗಾಗಿ ಗಾಡಿ ಮಾರ್ಪಡಿಸಿಕೊಳ್ಳಲು ಕಾನೂನು ಅವಕಾಶ ಕೊಟ್ಟಿದೆ, ಒಳ್ಳೆಯದು. ಮುಪ್ಪಿಗೆ ಪ್ರಮಾಣಪತ್ರ ಕೊಡುವವರಿಲ್ಲ. ಅನುಮೋದಿತ ಗ್ಯಾಸ್ ಕಿಟ್ಟನ್ನು ಹಳೆಯ ಗಾಡಿಗೆ ಕೂರಿಸಿ ಆರ್‌ಸಿಯಲ್ಲಿ ಬರೆಸಬಹುದು. ಸೀಟಿನ ಬೆನ್ನಿಗೆ ಗ್ಯಾಸ್ ಟ್ಯಾಂಕು ಕೂರಿಸಲು ದಾರಿ ಮಾಡಿಕೊಟ್ಟ ಕಾನೂನಿಗೆ ಸೀಟನ್ನೇ ಕೂರಿಸುವುದು ಅಷ್ಟು ಭಯಂಕರವಾಗಿ ಕಾಣುತ್ತದೆಯೇ?

ಚಕ್ರದ ವಿಷಯದಲ್ಲಂತೂ ಗೊಂದಲವೇ ಗೊಂದಲ. ನನ್ನ ಆರ್‌ಸಿ ಕಾರ್ಡಿನಲ್ಲಿ ಸೀಟುಗಳ ಸಂಖ್ಯೆ ಇದೆ, ಟೈರಿನ ಅಳತೆ ಇಲ್ಲ. ಕಂಪನಿ ಕೊಟ್ಟಿದ್ದು 145 ಆರ್ 12, ಅಂದರೆ ಹನ್ನೆರಡು ಇಂಚಿನ ಡಿಸ್ಕಿನ ಟೈರು. ನಿಂತಾಗ ಅದರ ಎತ್ತರ ಸುಮಾರು 53.7 ಸೆಂಟಿಮೀಟರ್. ಹದಿಮೂರು ಇಂಚಿನ ಡಿಸ್ಕಿಗೆ 155/65 ಟೈರು ಹಾಕಿದರೆ 53.2. ಅರ್ಧ ಸೆಂಟಿಮೀಟರ್ ವ್ಯತ್ಯಾಸ. ಟೈರು ಸವೆದರೂ ಅಷ್ಟು ಕಡಿಮೆಯಾಗುತ್ತದೆ. ಇಂಥ ಅಳತೆಗಳ ಪಟ್ಟಿಯೊಂದನ್ನು ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಪರೀಕ್ಷಿಸಿ ಪ್ರಕಟಿಸಲಿ, ನಾವು ಶುಲ್ಕ ಕಟ್ಟಿ ಬರೆಸಿಕೊಳ್ಳುತ್ತೇವೆ. ಬೇಕಾದದ್ದು ಕೌಂಟರಿನಲ್ಲಿ ಒಂದು ಅರ್ಜಿ ನಮೂನೆ ಮಾತ್ರ. ಅದಿಲ್ಲದ್ದರಿಂದ ಕೇಳಲು ಹೋದ ನಾನು ಖಾಲಿ ಕೈಯಲ್ಲಿ ಬಂದೆ. ಕೇಳದೆ ಮಾಡಿಸಿದವರು ನನ್ನ ಕಣ್ಣೆದುರೇ ಓಡಾಡುತ್ತಿದ್ದಾರೆ.

ವಿರೋಧ: ತಗಡಿಗೆ ಕೊರೆದ ತೂತು

ಅಮ್ಮನಿಗೊಂದು ಸೀಟು ಹಾಕಿಕೊಡಿ ಎಂದು ನನ್ನ ಗ್ಯಾರೇಜಿಗೆ ಬಂದವರನ್ನು ಹಿಂದಕ್ಕೆ ಕಳುಹಿಸುವುದು ಸುಲಭವಲ್ಲ. ಕಳುಹಿಸಿದ್ದೇನೆ. ಒಂದು ಕಾಲದಲ್ಲಿ ಹಾಕಿಕೊಟ್ಟವನೂ ನಾನೇ.

ಶಾಲೆಯ ಮಕ್ಕಳನ್ನು ಕರೆದೊಯ್ಯುವ ಓಮ್ನಿ ಅದು. ಕಬ್ಬಿಣದ ಆಂಗಲ್ ಬೆಸೆದು, ಮೇಲೆ ಫೋಮು, ರೆಕ್ಸಿನ್ ಹೊದಿಸಿ, ನೆಲಕ್ಕೆ ನಾಲ್ಕು ಬೋಲ್ಟ್ ಹಾಕಿದ್ದೆ. ನೋಡಲು ಕಂಪನಿಯ ಸೀಟಿಗಿಂತ ಚೆನ್ನಾಗಿತ್ತು. ಎರಡು ತಿಂಗಳ ಬಳಿಕ ನಾಯಿ ಅಡ್ಡ ಬಂದು ಚಾಲಕ ಬ್ರೇಕ್ ಒತ್ತಿದ. ವೇಗ ಮೂವತ್ತೂ ಇರಲಿಲ್ಲ. ಬೆಂಚು ಮುಗ್ಗರಿಸಿತು, ಹಿಂದಿನ ಎರಡು ಬೋಲ್ಟುಗಳು ವಾಷರಿನ ಸಮೇತ ತಗಡನ್ನು ಹರಿದುಕೊಂಡು ಮೇಲೆ ಬಂದಿದ್ದವು. ಒಂದು ಮಗುವಿನ ತುಟಿ ಒಡೆಯಿತು, ಅಷ್ಟಕ್ಕೇ ಮುಗಿಯಿತು. ಅಂದು ಸಂಜೆ ಗೋಣಿಚೀಲ ಹಾಸಿ, ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿದೆ. ಕಂಪನಿಯ ಸೀಟಿನ ಬೋಲ್ಟು ಇಳಿಯುವ ಕಡೆ ತಗಡಿನ ಅಡಿಗೆ ದಪ್ಪ ಪಟ್ಟಿ ಬೆಸೆದಿದ್ದರು. ನಾನು ಕೊರೆದ ಕಡೆ ಬರೀ ತಗಡು. ಅಂಚು ಹಪ್ಪಳದಂತೆ ಮೇಲಕ್ಕೆದ್ದಿತ್ತು.

ಸೀಟೆಂದರೆ ಮೆತ್ತೆ ಎಂದುಕೊಂಡವರಿಗೆ ಇದು ಕಾಣುವುದಿಲ್ಲ. ಅದು ಡಿಕ್ಕಿಯಲ್ಲಿ ಮನುಷ್ಯನ ಭಾರವನ್ನೆಲ್ಲ ನೆಲಕ್ಕೆ ಹಿಡಿದಿಡಬೇಕಾದ ವಸ್ತು. ಓಮ್ನಿಯೋ ಮೂತಿಯೇ ಇಲ್ಲದ ಗಾಡಿ, ಚಾಲಕನ ಮಂಡಿಯ ಮುಂದೆ ಬಂಪರು. ಹೊಸ ಸುರಕ್ಷತಾ ನಿಯಮಗಳಿಗೆ ಹೊಂದದೆಯೇ ಅದರ ತಯಾರಿಕೆ ನಿಂತದ್ದು. ಅಂಥದ್ದರಲ್ಲಿ ಇರುವ ಅಷ್ಟಿಷ್ಟು ಬಲವನ್ನೂ ಕೊರೆದು ಹಾಕುವುದಕ್ಕೆ ನಾನು ಒಪ್ಪಲಾರೆ.

ಗ್ಯಾಸ್ ಕಿಟ್ಟಿನ ಹೋಲಿಕೆ ಕೇಳಲು ಚೆಂದ. ಆದರೆ ಕಿಟ್ಟನ್ನು ಒಮ್ಮೆ ಪರೀಕ್ಷಿಸಿದರೆ ಮುಂದಿನವೆಲ್ಲ ಅದೇ ಅಚ್ಚಿನವು. ಗುಜರಿಯಿಂದ ಬರುವ ಸೀಟು ಒಂದೊಂದೂ ಒಂದೊಂದು ಗಾಡಿಯದು, ಅದರ ಕಾಲುಗಳು ಒಂದೊಂದು ಅಳತೆಯವು. ಪ್ರತಿ ಸೀಟನ್ನೂ ಯಂತ್ರಕ್ಕೆ ಕಟ್ಟಿ ಎಳೆದು ನೋಡುವವರು ಯಾರು? ಬ್ರೇಕ್ ಇನ್ಸ್‌ಪೆಕ್ಟರ್ ಕೈಯಿಂದ ಅಲುಗಾಡಿಸಿ ನೋಡಬಲ್ಲರು. ನನ್ನ ಬೆಂಚೂ ಕೈಗೆ ಅಲುಗಾಡಿರಲಿಲ್ಲ.

ಇನ್ನು ಚಕ್ರ. ಅರ್ಧ ಸೆಂಟಿಮೀಟರಿನ ಲೆಕ್ಕ ಸರಿ, ಒಪ್ಪಿದೆ. ಕಂಪನಿಯ ಟೈರಿನ ಮೇಲಿರುವ ‘ಎಲ್‌ಟಿ’ ಎಂಬ ಎರಡು ಅಕ್ಷರ ಮಾತ್ರ ಆ ಲೆಕ್ಕದಲ್ಲಿಲ್ಲ. ಹೊರೆ ಹೊರುವ ಗಾಡಿಯ ಟೈರು ಎಂದು ಅದರ ಅರ್ಥ. ಕಾರಿನ ಟೈರು ಎತ್ತರದಲ್ಲಿ ಸಮನಾದರೂ ಹೊರುವುದರಲ್ಲಿ ಸಮನಲ್ಲ. ಅಲ್ಲದೆ ನನ್ನಲ್ಲಿಗೆ ಬರುವವರು 155/65 ಕೇಳುವುದಿಲ್ಲ, ಗಾಡಿ ಎತ್ತರವಾಗಿ ಕಾಣಬೇಕೆಂದು ಅದೇ ಹದಿಮೂರು ಇಂಚಿನ ಡಿಸ್ಕಿಗೆ 155/80 ಕೇಳುತ್ತಾರೆ. ಅದು 57.8 ಸೆಂಟಿಮೀಟರ್. ಮೀಟರ್ 60 ತೋರಿಸುವಾಗ ಗಾಡಿ 64 ದಾಟಿರುತ್ತದೆ. ಬ್ರೇಕು ಹಳೆಯದೇ, ಚಕ್ರ ದೊಡ್ಡದಾದಷ್ಟೂ ಅದರ ಹಿಡಿತ ಕಡಿಮೆ. ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜುವ ಸದ್ದು ಬೇರೆ. ಅಪಘಾತವಾದರೆ ವಿಮೆಯವರು ಮೊದಲು ಬೆರಳು ತೋರಿಸುವುದು ಈ ಚಕ್ರಗಳ ಕಡೆಗೇ.

ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಎನ್ನುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಸಿಟ್ಟಾಗಿ ಬೇರೆ ಗ್ಯಾರೇಜಿಗೆ ಹೋಗುತ್ತಾರೆ. ಅಂದು ಕಿತ್ತು ತೆಗೆದ ಬೆಂಚು ನನ್ನ ಗ್ಯಾರೇಜಿನ ಗೋಡೆಗೆ ಒರಗಿದೆ. ಗಿರಾಕಿಗಳು ಅದರ ಮೇಲೆ ಕುಳಿತುಕೊಂಡೇ ಸೀಟಿನ ರೇಟು ವಿಚಾರಿಸುತ್ತಾರೆ.