ಕಾಪುವಿನ ಬುರುಜು

ಎತ್ತರದ ಜಾಗ ಕಂಡರೆ ಹತ್ತಿಬಿಡಬೇಕೆನ್ನುವ ಚಪಲ ವಿಜಯಪುರದವರಾದ ನಮಗೆ ತುಸು ಹೆಚ್ಚೇ ಇರಬೇಕು. ಹೈದರ್ ಖಾನ್ 1584ರಲ್ಲಿ ಕಟ್ಟಿಸಿದ, ಸುಮಾರು 80 ಅಡಿ ಎತ್ತರದ ಉಪ್ಲಿ ಬುರುಜು ಊರಲ್ಲೇ ಇರುವಾಗ ಹುಡುಗರಿಗೆ ಬೇರೆ ಆಟ ಹೊಳೆಯುವುದಾದರೂ ಹೇಗೆ? ಅದರ ಮೆಟ್ಟಿಲುಗಳು ಹೊರಮೈಯನ್ನು ಸುತ್ತಿಕೊಂಡು ಏರುವುದರಿಂದ ಊರು ಮೆಟ್ಟಿಲಿಗೊಂದಿಷ್ಟು ತೆರೆದುಕೊಳ್ಳುತ್ತದೆ. ತುದಿಯಲ್ಲಿ ಉದ್ದನೆಯ ತೋಪುಗಳು, ದೂರಕ್ಕೆ ಗೋಲಗುಮ್ಮಟ, ಅದರಾಚೆ ಬರೀ ಬಯಲು.

ಈ ಚಪಲವನ್ನು ಹೊತ್ತುಕೊಂಡೇ ಉಡುಪಿಯ ದಕ್ಷಿಣಕ್ಕಿರುವ ಕಾಪುವಿನ ದೀಪಸ್ತಂಭಕ್ಕೆ ಹೋದೆವು. ಕಡಲಂಚಿನ ಬಂಡೆಯ ಮೇಲೆ 1901ರಿಂದ ನಿಂತಿರುವ, 27 ಮೀಟರ್ ಎತ್ತರದ, ಕಪ್ಪು ಬಿಳುಪು ಪಟ್ಟೆಯ ಆ ಗೋಪುರ ಕಂಡೊಡನೆ ಕಾಕಾ, “ನಮ್ಮ ಉಪ್ಲಿ ಬುರುಜಿಗೆ ಬಣ್ಣಾ ಹಚ್ಚಿ ತಂದ ನಿಲ್ಲಿಸಿದಂಗ ಐತಲ್ಲೋ” ಎಂದರು.

ಎತ್ತರದಲ್ಲಿ ಎರಡೂ ಹೆಚ್ಚುಕಡಿಮೆ ಸಮ, ಸ್ವಭಾವ ಮಾತ್ರ ತದ್ವಿರುದ್ಧ. ಬುರುಜನ್ನು ಕಟ್ಟಿದ್ದು ದೂರದ ದಂಡನ್ನು ನೋಡುವುದಕ್ಕೆ. ದೀಪಸ್ತಂಭವನ್ನು ಕಟ್ಟಿದ್ದು ದೂರದವರಿಗೆ ಕಾಣಿಸಿಕೊಳ್ಳುವುದಕ್ಕೆ. ಮೆಟ್ಟಿಲುಗಳೂ ಒಳಗೇ ಇರುವುದರಿಂದ ಹತ್ತುವವನಿಗೆ ಮುಂದಿನವರ ಹಿಮ್ಮಡಿಗಳ ಹೊರತು ಇನ್ನೇನೂ ಕಾಣುವುದಿಲ್ಲ. ಭೂಮಿ ದುಂಡಗಿರುವುದರಿಂದ ದೀಪ ಎತ್ತರದಲ್ಲಿದ್ದಷ್ಟೂ ದೂರದ ಹಡಗಿಗೆ ಕಾಣುತ್ತದೆ ಎಂಬುದಷ್ಟೇ ಆ ಎತ್ತರಕ್ಕೆ ಕಾರಣ, ನಮ್ಮಂಥವರ ಫೋಟೊ ಅಲ್ಲ. ಫ್ರಾನ್ಸಿನ ಫ್ರೆನೆಲ್ 1820ರ ದಶಕದಲ್ಲಿ ರೂಪಿಸಿದ ಮಸೂರವಂತೂ ಇದನ್ನು ಇನ್ನಷ್ಟು ಖಂಡಿತ ಮಾಡಿತು: ಉಂಗುರ ಉಂಗುರವಾಗಿ ಜೋಡಿಸಿದ ಗಾಜುಗಳು ಎಲ್ಲ ಕಡೆ ಚೆದುರಿಹೋಗುವ ಬೆಳಕನ್ನು ಬಾಗಿಸಿ, ಮುಗಿಲಿಗೂ ಬಿಡದೆ, ಕೆಳಗೆ ಮರಳಿನಲ್ಲಿ ಕುಳಿತವರಿಗೂ ಹಂಚದೆ, ದಿಗಂತದತ್ತ ತಳ್ಳುತ್ತವೆ. ಎಷ್ಟು ಸೆಕೆಂಡಿಗೆ ಎಷ್ಟು ಮಿಂಚು ಎಂಬ ಲೆಕ್ಕದಿಂದಲೇ ನಾವಿಕರು ಇದು ಯಾವ ಊರಿನ ದೀಪವೆಂದು ಗುರುತಿಸುತ್ತಾರೆ. ಹಗಲಿನಲ್ಲಿ ಆ ಕೆಲಸ ಪಟ್ಟೆಗಳದ್ದು. ಕಾಕಾ ಮೆಚ್ಚಿದ ಬಣ್ಣ ಸಿಂಗಾರಕ್ಕೆ ಬಳಿದದ್ದಲ್ಲ.

ಮೇಲಿನ ಕಟಕಟೆಯಲ್ಲಿ ಗಾಳಿ ಅಂಗಿಯನ್ನು ಹರಿದೊಯ್ಯುವಂತೆ ಬೀಸುತ್ತಿತ್ತು. ಕಡಲು ಚೆಲುವಾಗಿತ್ತು, ನಿಜ. ಆದರೆ ಪ್ರವಾಸಿಗರಿಗೆ ಸಂಜೆ ಸ್ವಲ್ಪ ಹೊತ್ತು ಮಾತ್ರ ಪ್ರವೇಶವಾದ್ದರಿಂದ, ಗೋಪುರದ ನಿಜವಾದ ಕೆಲಸ ಶುರುವಾಗುವ ಹೊತ್ತಿಗೆ ನಾವು ಕೆಳಗಿಳಿದಿರಬೇಕು. ಅದು ದುಡಿಯುವುದನ್ನು ನೋಡಬೇಕೆಂದರೆ ರಾತ್ರಿ ಸಮುದ್ರದ ಮೇಲಿರಬೇಕು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ಕತ್ತಲಾಗುವ ಮೊದಲೇ ದಡ ಸೇರಿಬಿಡುತ್ತವೆ. ಇನ್ನು ಉಳಿದದ್ದು ಮೀನುಗಾರರ ಬೋಟು, ಅದಕ್ಕೆ ಕಾಕಾ ಒಪ್ಪಲಿಲ್ಲ.