ಕೀಪ್ಯಾಡ್ ಫೋನ್ ಇರೋರಿಗೂ ತಿಳಿಯಂಗ ಬರೀರಿ

ವಿದೇಶದ ಕಾಲ್ ಬಗ್ಗೆ ನಿಮ್ಮ ಲೇಖನದಾಗ, ಅಮೆರಿಕದ ಕೋಡ್ ಇರೋ ಇಂಟರ್ನೆಟ್ ನಂಬರ್ (ಸಿಮ್ ಇಲ್ದ ಇಂಟರ್ನೆಟ್ ಮ್ಯಾಲೆ ನಡಿಯೋ ಫೋನ್ ನಂಬರ್) ತಗೊಂಡು ಊರಿನ ಫೋನಿಗೆ ಫಾರ್ವರ್ಡ್ ಮಾಡ್ಕೊಂಡ್ರ ಕಾಲ್ ಪುಕ್ಕಟೆ ಅಂತ ಬರದೀರಿ, ಅದು ಅರ್ಧ ಅಷ್ಟ ಖರೆ. ಅಲ್ಲಿಂದ ಮಾಡೋರಿಗೆ ಲೋಕಲ್ ಕಾಲ್ ಆಗ್ತೈತಿ, ಆದ್ರ ಇಲ್ಲಿ ಮಾಮೂಲಿ ಮೊಬೈಲ್ ರಿಂಗ್ ಆಗ್ಬೇಕಂದ್ರ ಅಲ್ಲಿಂದ ಇಲ್ಲಿಗೆ ಬರೋ ನಿಮಿಷದ ರೊಕ್ಕ ನಂಬರ್ ತಗೊಂಡೋರ ಕಟ್ಟಬೇಕು, ಆ್ಯಪ್‌ನಾಗ ಎತ್ತಿದ್ರ ಮಾತ್ರ ಉಳೀತೈತಿ. ನಮ್ ಸಿಂಧನೂರು ಕಡಿ ಹಳ್ಳಿಯಾಗ ನಮ್ಮವ್ವನ ಹತ್ರ ಕೀಪ್ಯಾಡ್ ಫೋನ್ ಐತ್ರಿ, ಹಸಿರು ಬಟನ್ ಒತ್ತಿ ಕಿವಿಗಿಟ್ಕೊಳ್ಳೋದಷ್ಟ ಆಕಿಗೆ ಗೊತ್ತು, ಅಮೆರಿಕದ ಡಲ್ಲಾಸ್‌ನಾಗಿರೋ ನನ್ನ ತಮ್ಮ ವಾಟ್ಸಾಪ್ ಮಾಡಿ ಏನ್ ಉಪಯೋಗ? ಅಂಥೋರಿಗೆ ಈ ದಾರಿನ ಚಲೋ, ಸ್ವಲ್ಪ ರೊಕ್ಕ ಹೋದ್ರೂ ಹೋಗ್ಲಿ, ಮಗನ ದನಿ ಕೇಳ್ತೈತಲ್ಲ.

ಇಂಥ ನಂಬರ್ ಬ್ಯಾಂಕಿಗೆ ಮಾತ್ರ ಕೊಡಬ್ಯಾಡ್ರಿ, ಓಟಿಪಿ ಬಹಳ ಸಲ ಬರಂಗಿಲ್ಲ.

ಇನ್ನೊಂದು, ಲೇಖನದಾಗ ಇಲ್ಲ. ಮನ್ಯಾಗ ಒಂದು ಡಬ್ಬಿ ಇಟ್ಕೋರಿ, ಸಿಮ್ ಹಾಕ್ರಿ, ತಿಂಗಳಿಗೆ ಬಾಡಿಗಿ ಕೊಡ್ತೀವಿ ಅಂತ ಯಾರರ ಬಂದ್ರ ಒಪ್ಪಬ್ಯಾಡ್ರಿ. ಅದು ಸಿಮ್ ಬಾಕ್ಸ್, ವಿದೇಶದ ಕಾಲ್ ಲೋಕಲ್ ನಂಬರಿಂದ ಬಂದಂಗ ತೋರಿಸ್ತೈತಿ, ನಮ್ ದೇಶದಾಗ ಅಪರಾಧ, ಪೊಲೀಸ್ರು ಬರೋದು ಡಬ್ಬಿ ಇರೋ ಮನಿಗೇ.